ಮೊದಲು ನೋಡ್ರಿ, ಆಮೇಲೆ ಪೆನ್ಸಿಲ್ಲು

ಗದಗದಲ್ಲಿ ನಮ್ಮ ಚಿತ್ರ ಬಿಡಿಸುವ ಬಳಗ ಶುರುವಾಗಿ 14 ವರ್ಷವಾಯಿತು. ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಬಾಡಿಗೆ ಹಾಲ್, ಪ್ರೊಜೆಕ್ಟರು, ಒಂದು ತಾಸು ನನ್ನ ಭಾಷಣ. ಡ್ರಾಯಿಂಗ್ ಮಾಸ್ತರನಿಗೆ ಮಾತು ನಿಲ್ಲಿಸಲು ಬರುವುದಿಲ್ಲ ನೋಡಿ. ಮೊದಲ ವಾರ 30 ಮಂದಿ ಬಂದರು. ಎರಡು ತಿಂಗಳಿಗೆ ಉಳಿದವರು 4, ಅವರಲ್ಲಿ ಒಬ್ಬರು ನನ್ನ ಹೆಂಡತಿ.

ಹಾಲ್ ಬಿಟ್ಟೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಲಕ್ಕುಂಡಿ ಬಸ್ಸು ಹತ್ತಿದೆವು. ಕಾಶಿ ವಿಶ್ವೇಶ್ವರ ಗುಡಿ ಎದುರು ಕೂತು "ಚಿತ್ರ ತೆಗೀರಿ" ಅಂದೆ. ಎಲ್ಲರೂ ಇಡೀ ಗುಡಿಯನ್ನೇ ಹಾಳೆಗೆ ಇಳಿಸಲು ಹೊರಟರು. ರಬ್ಬರ್ ಉಜ್ಜಿ ಉಜ್ಜಿ ಹಾಳೆ ಹರಿಯಿತು. "ನಮಗ ಇದು ಆಗೂದಿಲ್ರಿ ಸರ್" ಅಂದರು.

ಮುಂದಿನ ಸಲ ಮೊದಲ 20 ನಿಮಿಷ ಚೀಲ ತೆರೆಯುವಂತಿಲ್ಲ ಅಂದೆ. ಒಂದು ಗೇಣಿನಷ್ಟು ಕೆತ್ತನೆ ಆರಿಸಿಕೊಂಡು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. "ಭಾಳ ಚಂದ ಐತಿ" ಅಂದರೆ ನಡೆಯುವುದಿಲ್ಲ. ಪಟ್ಟಿ ಎಷ್ಟಿವೆ? ನೆರಳು ಎಲ್ಲಿ ಕಪ್ಪಾಗಿದೆ? ಇಲ್ಲಿಯದು ಮೆತ್ತಗಿನ ಬಳಪದ ಕಲ್ಲು, ಉಳಿ ಆಳಕ್ಕೆ ಇಳಿದಿದೆ. ಬೆಳಗಿನ ಓರೆ ಬಿಸಿಲಿಗೆ ಆ ಆಳ ಎದ್ದು ಕಾಣುತ್ತದೆ. ಮಧ್ಯಾಹ್ನ ಹೋದರೆ ಅರ್ಧ ಕೆತ್ತನೆ ಸತ್ತಂತೆ. ಅದಕ್ಕೇ ಮೊದಲ ಬಸ್ಸು ಹಿಡಿಯುತ್ತೇವೆ.

ನನಗೇ ಪಾಠವಾದದ್ದು ಒಬ್ಬ ಅಜ್ಜಿಯಿಂದ. ತವರು ಧಾರವಾಡ. ಮೊಮ್ಮಗಳ ಜೊತೆ ಸುಮ್ನೆ ಬಂದವರು. ಗೋಡೆಯ ಮೇಲಿನ ಪುಟ್ಟ ಶಿಖರ ತೋರಿಸಿ, "ಮಾಸ್ತರ, ಇದು ನಮ್ಮ ಕಸೂತಿ ಗೋಪುರ ಅಲ್ಲೇನ್ರಿ?" ಅಂದರು. ಎಷ್ಟು ಸಲ ಅದೇ ಗೋಡೆ ಮುಂದೆ ನಿಂತಿದ್ದೆನೋ, ನನಗೆ ಹೊಳೆದಿರಲಿಲ್ಲ. ಧಾರವಾಡ ಕಡೆಯ ಸೀರೆ ಕಸೂತಿಯಲ್ಲಿ ಗೋಪುರ ಒಂದು ನಮೂನೆ. ಕಸೂತಿಗೆ ಮೊದಲೇ ಗೆರೆ ಹಾಕಿಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಾದರೆ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ, ಹಿಂದೆ ಮುಂದೆ ಒಂದೇ ಥರ. ಎಣಿಸಿ ಎಣಿಸಿ ಪಳಗಿದ ಕಣ್ಣು ಅದು. ಅಜ್ಜಿ ಗಣಿತದ ಚೌಕಳಿ ವಹಿಯಲ್ಲಿ ಆ ಶಿಖರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿಬಿಟ್ಟರು. ಚಿತ್ರ ಅಂದರೆ ಹೆದರುತ್ತಿದ್ದ ಹುಡುಗರೂ ಆಮೇಲೆ ಚೌಕಳಿ ವಹಿ ತಂದರು. ಹೊಸಬರಿಗೆ ನಾನು ಈಗ ಅಲ್ಲಿಂದಲೇ ಶುರು ಮಾಡಿಸುತ್ತೇನೆ.

ಫೀ ಇಲ್ಲ. ಹಾಳೆ, ಪೆನ್ಸಿಲ್ಲಿಗೆ ತಿಂಗಳಿಗೆ 50 ರೂಪಾಯಿ. ವರ್ಷಕ್ಕೊಂದು ಪ್ರದರ್ಶನ. ಒಮ್ಮೆ ನಮಗೆ ಕೊಡಲು ಒಪ್ಪಿಕೊಂಡಿದ್ದ ಹಾಲ್ ಅನ್ನು ಹಿಂದಿನ ದಿನ ಮದುವೆಗೆ ಕೊಟ್ಟುಬಿಟ್ಟರು. ನಮ್ಮ ಮನೆ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚಿತ್ರ ತೂಗುಹಾಕಿದೆವು. ಈಗಲೂ ಹಾಗೇ, ಅಕ್ಕಪಕ್ಕದವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಬರುವ ಭಾನುವಾರ ಲಕ್ಕುಂಡಿಯದೇ ಮುಸುಕಿನ ಬಾವಿ, ಮೆಟ್ಟಿಲು ಇಳಿದು ಹೋಗುವ ಹಳೇ ಬಾವಿ. ಅಜ್ಜಿಗೆ ಮೊಣಕಾಲು ನೋವು, ಇಳಿಯಲು ಆಗುವುದಿಲ್ಲ. ಮೇಲೆ ಕೂತೇ ಮೆಟ್ಟಿಲು ಎಣಿಸುತ್ತಾರಂತೆ.