ಮಳೆಗಾಲದಲ್ಲೂ ಕೆಡದ ವಯಲ್: ಹನ್ನೊಂದು ವರ್ಷದ ಇಂಜೆಕ್ಷನ್ ಅನುಭವ

ನಿಮಿರುವಿಕೆಯ ತೊಂದರೆಗೆ ಶಿಶ್ನಕ್ಕೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಹಿಡಿದವರಲ್ಲಿ ಬಹಳಷ್ಟು ಮಂದಿ ಒಂದೆರಡು ವರ್ಷದಲ್ಲಿ ಕೈಬಿಡುತ್ತಾರೆ. ನನಗೆ ಮೊದಲು ಬರೆದುಕೊಟ್ಟ ಮೂತ್ರರೋಗ ತಜ್ಞರೇ ಅದನ್ನು ಹೇಳಿದ್ದರು. "ಪೇಟೆಯವರೇ ಮುಂದುವರಿಸುವುದಿಲ್ಲ, ನೀವು ಹೊಸನಗರದಾಚೆ ತೋಟದ ಮನೆಯಲ್ಲಿದ್ದುಕೊಂಡು ಎಷ್ಟು ದಿನ ನಡೆಸುತ್ತೀರಿ?" ಎಂದಿದ್ದರು. ನಮ್ಮ ಭಾವನವರ ಮಾತು ಇನ್ನೂ ಖಾರವಾಗಿತ್ತು. ಹನ್ನೊಂದು ವರ್ಷ ಆಗುತ್ತ ಬಂತು, ನಾನು ನಡೆಸುತ್ತಿದ್ದೇನೆ. ಮದ್ದು ಸೋತದ್ದು ಕಡಿಮೆ. ಅದನ್ನು ಇಡುವ ಕ್ರಮ, ಅಳೆಯುವ ಕ್ರಮ, ಚುಚ್ಚುವ ಜಾಗ ಬದಲಿಸುವ ಕ್ರಮ, ಇವು ಮೂರರಲ್ಲಿ ಒಂದು ಹದಗೆಟ್ಟಾಗಲೇ ಕೆಲಸ ಕೆಟ್ಟಿದೆ. ಸೂಜಿ ಹಿಡಿದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೂಲಪಾಠ ಬೇಕಾದವರು ವೈದ್ಯರ ಮುಂದೆ ಕುಳಿತು ಕಲಿಯಬೇಕು, ಮೊದಲ ಡೋಸ್ ಅವರ ಕೊಠಡಿಯಲ್ಲೇ ಆಗಬೇಕು.

ನನಗೆ ಸಕ್ಕರೆ ಕಾಯಿಲೆ ನಲವತ್ತರ ಆಸುಪಾಸಿನಲ್ಲಿ ಬಂತು. ನಿಮಿರುವಿಕೆಗೆ ನುಂಗುವ ಗುಳಿಗೆಗಳಾದ ಸಿಲ್ಡೆನಾಫಿಲ್, ಟಡಲಾಫಿಲ್ ಎರಡೂ ಕೆಲವು ವರ್ಷ ನಡೆದವು. ಆಮೇಲೆ ಹೃದಯಕ್ಕೆ ಸ್ಟೆಂಟ್ ಬಿತ್ತು, ಎದೆನೋವಿನ ನೈಟ್ರೇಟ್ ಮಾತ್ರೆ ಜೇಬಿಗೆ ಬಂತು. ಅಲ್ಲಿಗೆ ಆ ಗುಳಿಗೆಗಳ ಬಾಗಿಲು ಮುಚ್ಚಿತು. ನೈಟ್ರೇಟ್ ಜೊತೆ ಅವು ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಸಂಚಕಾರ ಬರುವಷ್ಟು ಕುಸಿಯುತ್ತದೆ. ಇಷ್ಟು ತಿಳಿದ ಮೇಲೂ ಸಂತೆಯ ಹತ್ತಿರ ಟೆಂಟ್ ಹಾಕುವವರ ಚೂರ್ಣಕ್ಕೆ ಕೈಚಾಚುವವರನ್ನು ಕಂಡಿದ್ದೇನೆ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ನೈಟ್ರೇಟ್ ನುಂಗುವವನಿಗೆ ಅದು ವಿಷ. ಗಾಳಿ ಹೀರಿ ಅಂಗಕ್ಕೆ ರಕ್ತ ಎಳೆಯುವ ವ್ಯಾಕ್ಯೂಮ್ ಪಂಪಿಗೆ ಎಂಟೊಂಬತ್ತು ಸಾವಿರ ಕೊಟ್ಟೆ. ರಕ್ತ ಇಳಿಯದಂತೆ ಬುಡಕ್ಕೆ ಹಾಕುವ ಉಂಗುರವನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಡುವಂತಿಲ್ಲ, ಅಂಗ ತಣ್ಣಗಾಗಿ ನೀಲಿಗಟ್ಟುತ್ತದೆ, ನನಗೂ ಮನೆಯವಳಿಗೂ ಹಿಡಿಸಲಿಲ್ಲ. ಒಳಗೆ ಕೂರಿಸುವ ಇಂಪ್ಲಾಂಟಿಗೆ ಬೆಂಗಳೂರಿನಲ್ಲಿ ಹೇಳಿದ ದರ ಲಕ್ಷಗಳಲ್ಲಿತ್ತು. ಆ ವರ್ಷ ಕೊಳೆ ರೋಗದಿಂದ ತೋಟ ಅರ್ಧ ಉದುರಿತ್ತು. ಉಳಿದದ್ದು ಸೂಜಿ.

ಭಾವನವರು ಇದನ್ನು "ಯಾರೋ ಹೊಸದಾಗಿ ಹುಟ್ಟಿಸಿದ ಪ್ರಯೋಗ" ಎಂದರು. ಹಾಗಲ್ಲ. ಫ್ರಾನ್ಸಿನ ವೈದ್ಯ ರೊನಾಲ್ಡ್ ವಿರಾಗ್, ರಕ್ತನಾಳ ಸಡಿಲಿಸುವ ಪಾಪಾವೆರಿನ್ ಎಂಬ ಮದ್ದು ಚುಚ್ಚಿ ಪರಿಣಾಮ ವರದಿ ಮಾಡಿದ್ದು 1982ರಲ್ಲಿ. ಮರುವರ್ಷ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಲಾಸ್ ವೇಗಸ್‌ನ ವೈದ್ಯರ ಸಮ್ಮೇಳನದಲ್ಲಿ ತನ್ನ ಮೇಲೆಯೇ ಇಂಥ ಇಂಜೆಕ್ಷನ್ ಪ್ರಯೋಗಿಸಿಕೊಂಡು ಸಭಿಕರ ಮುಂದೆ ನಿಂತರು. ಅಮೆರಿಕದಲ್ಲಿ ಸಿಲ್ಡೆನಾಫಿಲ್‌ಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಗುಳಿಗೆಗಿಂತ ಸೂಜಿಯೇ ಹಳೆಯದು.

ನಾನು ಶುರು ಮಾಡಿದ್ದು ಬೈಮಿಕ್ಸ್‌ನಿಂದ, ಅಂದರೆ ಪಾಪಾವೆರಿನ್ ಮತ್ತು ಫೆಂಟೋಲಮೈನ್ ಎಂಬ ಎರಡು ಮದ್ದುಗಳ ಮಿಶ್ರಣ. ಅಗ್ಗ, ಶಾಖವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಮೊದಲ ವರ್ಷ ಚೆನ್ನಾಗಿ ನಡೆಯಿತು, ಎರಡನೆಯ ವರ್ಷದ ಹೊತ್ತಿಗೆ ಅಳತೆ ಏರುತ್ತ ಹೋಯಿತು. ಪಾಪಾವೆರಿನ್ ಹೆಚ್ಚಾದಷ್ಟೂ ಒಳಗೆ ನಾರುಗಟ್ಟುವ ಭಯ. ವೈದ್ಯರು ಆಲ್ಪ್ರೊಸ್ಟಡಿಲ್ ಎಂಬ ಇನ್ನೊಂದು ಚುಚ್ಚುಮದ್ದನ್ನೇ ಕೊಟ್ಟು ನೋಡೋಣ ಎಂದರು. ಅದನ್ನು ಹುಡುಕಿಕೊಂಡು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಕಡೆ ಚೀಟಿ ನೋಡಿದ ಹುಡುಗ ಮುಖ ಗಂಭೀರ ಮಾಡಿಕೊಂಡು, "ಮಗು ಯಾವ ಆಸ್ಪತ್ರೆಯಲ್ಲಿದೆ ಸಾರ್?" ಎಂದು ಕೇಳಿದ. ಹುಟ್ಟು ಹೃದಯದೋಷವಿರುವ ನವಜಾತ ಶಿಶುಗಳಿಗೆ ಒಂದು ರಕ್ತನಾಳ ಮುಚ್ಚದಂತೆ ನೋಡಿಕೊಳ್ಳಲು ಕೊಡುವುದೂ ಇದೇ ಔಷಧ, ಅವನಿಗೆ ಗೊತ್ತಿದ್ದ ಬಳಕೆ ಅದೊಂದೇ. ಮಗುವಿಗಲ್ಲ, ನನಗೆ ಎಂದೆ. ಅವನು ಮರುಮಾತಾಡದೆ ಒಳಗೆ ಹೋಗಿ ಮಾಲೀಕರನ್ನು ಕರೆತಂದ. ಇಂದು ನನಗೆ ಸಿರಿಂಜ್ ತೆಗೆದಿಡುವವರು ಅದೇ ಮಾಲೀಕರು.

ಆಲ್ಪ್ರೊಸ್ಟಡಿಲ್ ಕೆಲಸ ಮಾಡಿತು, ಆದರೆ ನೋವು. ಚುಚ್ಚಿದ ನೋವಲ್ಲ, ಆಮೇಲೆ ಬುಡದಿಂದ ಏಳುವ ಜೋಮು ನೋವು. ನಮ್ಮಂಥ ಸಕ್ಕರೆಯವರಿಗೆ ಅದು ಹೆಚ್ಚು. ಒಂದು ಸಲದ ಖರ್ಚೂ ಬೈಮಿಕ್ಸ್‌ನ ಮೂರು ನಾಲ್ಕು ಪಟ್ಟು. ಕೊನೆಗೆ ಮೂರನ್ನೂ ಸೇರಿಸಿದ ಟ್ರೈಮಿಕ್ಸ್‌ಗೆ ಬಂದೆವು. ಮೂರೂ ಕಡಿಮೆ ಪ್ರಮಾಣದಲ್ಲಿರುವುದರಿಂದ ನೋವು ನಿಂತಿತು, ಅಳತೆಯೂ ಕೆಳಗಿಳಿಯಿತು. ನನ್ನ ಮಿಶ್ರಣದ ಅನುಪಾತವನ್ನಾಗಲಿ ನಾನು ಎಳೆಯುವ ಅಳತೆಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅದು ಈ ದೇಹಕ್ಕೆ ಕೂಡಿಬಂದ ಲೆಕ್ಕ, ಇನ್ನೊಬ್ಬರನ್ನು ಆಸ್ಪತ್ರೆಗೆ ಕಳಿಸಬಲ್ಲದು. ಬೆರೆಸುವುದು ವೈದ್ಯರ ಕಡೆಯವರ ಕೆಲಸ, ಆಂಪೂಲ್ ಒಡೆದು ಮನೆಯಲ್ಲಿ ಕಲೆಸುವ ಧೈರ್ಯ ಯಾರೂ ಮಾಡಬಾರದು.

ಈಗ ಸಿರಿಂಜಿನ ವಿಷಯ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಇನ್‌ಸುಲಿನ್ ಸಿರಿಂಜ್ ಎರಡು ಬಗೆ: ಕೆಂಪು ಮುಚ್ಚಳದ 40, ಕಿತ್ತಳೆ ಮುಚ್ಚಳದ 100, ಅಂದರೆ ಒಂದು ಮಿಲಿಗೆ ಅಷ್ಟು ಯೂನಿಟ್. ನನ್ನ ಅಳತೆಯೆಲ್ಲ 100ರ ಸಿರಿಂಜಿನ ಯೂನಿಟ್‌ಗಳಲ್ಲಿತ್ತು. ಒಂದು ಮಳೆಗಾಲ ಬೇರೆ ಅಂಗಡಿಯವನು ಕಟ್ಟಿಕೊಟ್ಟ ಪೊಟ್ಟಣದಲ್ಲಿ 40ರದ್ದು ಬಂದಿತ್ತು, ಮೇಲೆ ಬರೆದದ್ದು ಮಾತ್ರ 100. ಲೆಕ್ಕ ಹಾಕಿ ನೋಡಿ: 100ರ ಸಿರಿಂಜಿನಲ್ಲಿ 20ರ ಗೆರೆ ಎಂದರೆ 0.2 ಮಿಲಿ, 40ರ ಸಿರಿಂಜಿನಲ್ಲಿ ಅದೇ 20 ಎಂದರೆ 0.5 ಮಿಲಿ. ಎರಡೂವರೆ ಪಟ್ಟು.

ಆ ರಾತ್ರಿ ನನ್ನದು ಒಂದು ಗಂಟೆಗೆ ಇಳಿಯಬೇಕಾದದ್ದು ಇಳಿಯಲಿಲ್ಲ. ಐಸ್ ಪ್ಯಾಕ್ ಇಟ್ಟೆ, ಅಟ್ಟದ ಮೆಟ್ಟಿಲು ಹತ್ತಿಳಿದೆ, ಎರಡು ಗಂಟೆ ಕಳೆಯಿತು. ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ ಆಸ್ಪತ್ರೆ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಆ ನಿಯಮ ಮಾಡಿದವರ ಮನೆಯೂ ಆಸ್ಪತ್ರೆಯೂ ಒಂದೇ ಊರಿನಲ್ಲಿರಬೇಕು. ನಮ್ಮಲ್ಲಿಂದ ಶಿವಮೊಗ್ಗಕ್ಕೆ ಮಳೆಯಲ್ಲಿ ಎರಡು ಗಂಟೆಯ ದಾರಿ, ಮರ ಅಡ್ಡಬಿದ್ದರೆ ಮೂರು. ಹಾಗಾಗಿ ಎರಡು ಗಂಟೆ ದಾಟುತ್ತಿದ್ದಂತೆ ಹೊರಟೆವು. ರಿಪ್ಪನ್‌ಪೇಟೆಯ ಹತ್ತಿರ ಕೊಂಬೆಯೊಂದನ್ನು ಮಗ ಇಳಿದು ಎಳೆದುಹಾಕಿದ. ತಲುಪುವಾಗ ನಾಲ್ಕು ಗಂಟೆ ತುಂಬುತ್ತ ಬಂದಿತ್ತು.

ರಾತ್ರಿ ಪಾಳಿಯ ವೈದ್ಯ ಕಿರಿಯವನು, ಇಂಥದ್ದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದ. ನನ್ನ ಕೈಯಲ್ಲಿ ಪತ್ರವಿತ್ತು. ನಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟದ್ದು: ಯಾವ ಔಷಧ, ಎಷ್ಟು ಮಿಲಿ, ಹೃದಯದ ಇತಿಹಾಸ, ಕಟ್ಟಿದ ರಕ್ತವನ್ನು ಹೊರಗೆಳೆದು ರಕ್ತನಾಳ ಕುಗ್ಗಿಸುವ ಫಿನೈಲೆಫ್ರಿನ್ ಮದ್ದನ್ನು ತೆಳು ಮಾಡಿ ಕೊಡುವ ವಿಧಾನ, ಕೊಡುವಾಗ ರಕ್ತದೊತ್ತಡ ನೋಡುತ್ತಲೇ ಇರಬೇಕು ಎಂಬ ಸೂಚನೆ, ಕೊನೆಗೆ ಅವರ ಮೊಬೈಲ್ ಸಂಖ್ಯೆ. ಹುಡುಗ ಕರೆ ಮಾಡಿದ, ಅವರು ಹೇಳಿದಂತೆ ಮಾಡಿದ. ತೆಗೆದ ರಕ್ತ ಕಪ್ಪಿಗೆ ತಿರುಗಿತ್ತು. ಬೆಳಗಾಗುವ ಮೊದಲೇ ಎಲ್ಲ ಸರಿಯಾಯಿತು. ಅಂಥ ರಾತ್ರಿ ಮತ್ತೆ ಬಂದಿಲ್ಲ. ಈಗ ನನ್ನ ಲೆಕ್ಕದ ಪುಸ್ತಕದಲ್ಲಿ ಯೂನಿಟ್ ಎಂಬ ಪದವೇ ಇಲ್ಲ, ಎಲ್ಲವೂ ಮಿಲಿಯಲ್ಲಿ. ಹೊಸ ಪೊಟ್ಟಣ ಬಂದಾಗ ಒಂದೊಂದು ಸಿರಿಂಜಿನ ಮೈಮೇಲಿನ ಅಕ್ಷರ ಓದಿಯೇ ಡಬ್ಬಿಗೆ ಹಾಕುತ್ತೇನೆ. ದೂರದ ಹಳ್ಳಿಯವರು ತಮ್ಮ ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕೆಂದು ನೋಡಿಕೊಂಡು, ನಾಲ್ಕು ಗಂಟೆಯಿಂದ ಅದನ್ನು ಕಳೆದು, ಹೊರಡುವ ಸಮಯವನ್ನು ಈಗಲೇ ಬರೆದಿಟ್ಟುಕೊಳ್ಳಲಿ.

ಎರಡನೆಯ ಶತ್ರು ಕರೆಂಟು. ಆಲ್ಪ್ರೊಸ್ಟಡಿಲ್ ಇರುವ ವಯಲ್‌ಗೆ, ಅಂದರೆ ಮದ್ದಿನ ಪುಟ್ಟ ಸೀಸೆಗೆ, 2ರಿಂದ 8 ಡಿಗ್ರಿಯ ತಂಪು ಬೇಕು. ಜುಲೈಯಲ್ಲಿ ನಮ್ಮ ಕಡೆ ಕಂಬ ಉರುಳಿದರೆ ಮೂರು ನಾಲ್ಕು ದಿನ ಫ್ರಿಜ್ ಬರೀ ಕಪಾಟು. ಬೋರ್ಡೋ ದ್ರಾವಣದ ಹದ ಕೆಟ್ಟರೆ ಎಷ್ಟು ಸಲ ಹೊಡೆದರೂ ಕೊಳೆ ನಿಲ್ಲದು, ಹಾಗೆಯೇ ಬಿಸಿ ತಿಂದ ವಯಲ್. ನೋಡಲು ನೀರಿನಂತೆಯೇ ತಿಳಿ ಇರುತ್ತದೆ, ಒಳಗೆ ಸತ್ತಿರುತ್ತದೆ. ಆಗ ಅಳತೆ ಏರಿಸಿದವನು, ಮುಂದೆ ಹೊಸ ವಯಲ್ ಬಂದಾಗ ಅದೇ ಏರಿದ ಅಳತೆ ಎಳೆದು ಅಪಾಯಕ್ಕೆ ಬೀಳುತ್ತಾನೆ. ಪರಿಣಾಮ ತಗ್ಗಿದರೆ ಮೊದಲು ವಯಲ್ ಬದಲಿಸಿ, ಅಳತೆ ಮುಟ್ಟಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೊದಲು ಒದ್ದೆ ಮರಳು ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟು, ಕೋಳಿಮರಿ ಸಾಕುವವರಿಂದ ತಂದ ಉಷ್ಣಮಾಪಕ ಹಾಕಿ ನೋಡಿದೆ. ಬಯಲುಸೀಮೆಯ ಬೇಸಗೆಯಲ್ಲಿ ಗಡಿಗೆ ತಂಪಾದೀತು. ನಮ್ಮ ಮಳೆಗಾಲದ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ಆರದೆ ತಂಪೆಲ್ಲಿಂದ ಬರಬೇಕು? 22, 23ರಿಂದ ಕೆಳಗೆ ಇಳಿಯಲೇ ಇಲ್ಲ. ಬಾವಿಯ ನೀರಿನ ಮಟ್ಟಕ್ಕೆ ಇಳಿಬಿಟ್ಟೂ ನೋಡಿದೆ, ಅದೂ ಸಾಲದು. ಕೊನೆಗೆ ಒಗ್ಗಿದ್ದು ದಪ್ಪ ಗೋಡೆಯ ಲಸಿಕೆ ಡಬ್ಬಿ. ಪಶುವೈದ್ಯರು ಹಳ್ಳಿಗೆ ತರುವಂಥದ್ದು, ಎರಡು ಸಾವಿರದ ಆಸುಪಾಸು. ಜೆಲ್ ಪ್ಯಾಕುಗಳು ಜೂನ್ ಒಂದರಿಂದಲೇ ಫ್ರೀಜರಿನಲ್ಲಿ ಕಾದಿರುತ್ತವೆ. ವಯಲ್ ನೇರವಾಗಿ ಹೆಪ್ಪಿಗೆ ತಾಗದಂತೆ ಬಟ್ಟೆ ಸುತ್ತುತ್ತೇನೆ. ಎರಡು ದಿನ ಧಾರಾಳವಾಗಿ ತಡೆಯುತ್ತದೆ, ಅಷ್ಟರಲ್ಲಿ ಸಾಗರ ಪೇಟೆಯಿಂದ ಐಸ್ ತರಿಸಬಹುದು. ಬೆಂಗಳೂರಿನಿಂದ ವಯಲ್ ತಣ್ಣಗೆ ನಮ್ಮ ಮನೆ ತಲುಪುವ ದಾರಿ ಒಂದಿದೆ, ಅದನ್ನು ಬಿಡಿಸಿ ಹೇಳಿದರೆ ಉಪಕಾರ ಮಾಡುವವರಿಗೆ ತೊಂದರೆಯಾಗುತ್ತದೆ, ಹೇಳುವುದಿಲ್ಲ.

ಚುಚ್ಚುವ ಜಾಗದ ಬಗ್ಗೆ. ಮೇಲಿನ ನಡುಗೆರೆಯಲ್ಲಿ ನರ, ರಕ್ತನಾಳ. ಕೆಳಗಿನ ನಡುವಿನಲ್ಲಿ ಮೂತ್ರನಾಳ. ಪಕ್ಕಗಳೇ ನಮ್ಮವು, ಇದು ನಿಮಗೆ ಗೊತ್ತು. ಇವತ್ತು ಎಡ, ಮುಂದಿನ ಸಲ ಬಲ, ಅದರಲ್ಲೂ ಬುಡದ ಕಡೆಗೊಮ್ಮೆ, ಸ್ವಲ್ಪ ಮುಂದಕ್ಕೊಮ್ಮೆ. ಸ್ಟೆಂಟ್ ಇರುವ ನನಗೆ ರಕ್ತ ತೆಳು ಮಾಡುವ ಮಾತ್ರೆ ನಿತ್ಯ. ಆರಂಭದಲ್ಲಿ ಒಂದು ನಿಮಿಷ ಒತ್ತುತ್ತಿದ್ದಾಗ ನೇರಳೆ ಬಣ್ಣದ ಕಲೆ ಮೂಡುತ್ತಿತ್ತು. ಈಗ ಹತ್ತಿ ಇಟ್ಟು ಗಡಿಯಾರ ನೋಡಿ ಐದು ನಿಮಿಷ ಒತ್ತುತ್ತೇನೆ. ಕಲೆ ಬಂದು ವರ್ಷಗಳಾದವು. ವಾರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ, ನಡುವೆ ಒಂದು ದಿನವಾದರೂ ಬಿಡುವು. ಆರು ತಿಂಗಳಿಗೊಮ್ಮೆ ವೈದ್ಯರು, ತಿಂಗಳಿಗೊಮ್ಮೆ ನನ್ನ ಬೆರಳುಗಳೇ ತಡವಿ ನೋಡುತ್ತವೆ.

ಹಾಗೆ ತಡವಿದ್ದರಿಂದಲೇ ನಾಲ್ಕನೆಯ ವರ್ಷ ಎಡಬದಿಯಲ್ಲಿ ತೊಗರಿಕಾಳಿನಷ್ಟು ಗಂಟು ಸಿಕ್ಕಿತು. ನೋವಿರಲಿಲ್ಲ, ಬಾಗೂ ಇರಲಿಲ್ಲ. ವೈದ್ಯರು ಸ್ಕ್ಯಾನ್ ಮಾಡಿಸಿ, ಕೆಲವು ತಿಂಗಳು ಪೂರ್ತಿ ವಿರಾಮ ಹೇಳಿದರು, ಮಿಶ್ರಣದಲ್ಲಿ ಪಾಪಾವೆರಿನ್ ತಗ್ಗಿಸಿದರು. ಗಂಟು ಮೆತ್ತಗಾಗುತ್ತ ಬಂದು ಈಗ ಹುಡುಕಿದರೂ ಸಿಗುವುದಿಲ್ಲ. ಆ ಬಿಡುವಿನಲ್ಲಿ ಸಕ್ಕರೆಯ ಕಡೆ ತಿರುಗಿದೆ: ರಾತ್ರಿ ಅನ್ನ ಅರ್ಧ, ಬೆಳಿಗ್ಗೆ ತೋಟದ ಏರು ದಾರಿಯಲ್ಲಿ ಮುಕ್ಕಾಲು ಗಂಟೆ ನಡಿಗೆ. ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) ಒಂಬತ್ತರ ಮೇಲಿದ್ದದ್ದು ಏಳರ ಹತ್ತಿರ ಬಂತು. ಮತ್ತೆ ಸೂಜಿ ಹಿಡಿದಾಗ ಮೊದಲಿನ ಅಳತೆಯ ಮುಕ್ಕಾಲು ಭಾಗವೇ ಸಾಕಾಯಿತು, ಅಲ್ಲಿಂದ ಈಚೆಗೆ ಹೆಚ್ಚೇನೂ ಏರಿಲ್ಲ. ಹೃದಯದ ವೈದ್ಯರು ನಿಲ್ಲದೆ ಎರಡು ಮಹಡಿ ಹತ್ತಿಸಿ ನೋಡಿಯೇ ಒಪ್ಪಿಗೆ ಕೊಟ್ಟದ್ದು, ಅದನ್ನೂ ಬಿಡಬೇಡಿ.

ಮನೆಯವಳ ಮಾತು ಬರೆಯದಿದ್ದರೆ ಅರ್ಧ ಸುಳ್ಳಾಗುತ್ತದೆ. ಶುರುವಿನಲ್ಲಿ ಅವಳು, "ನನಗೋಸ್ಕರ ಇಷ್ಟು ಚುಚ್ಚಿಕೊಳ್ಳುವುದು ಬೇಡ ರೀ" ಎಂದಿದ್ದಳು. ನಮ್ಮಿಬ್ಬರಿಗೋಸ್ಕರ ಎಂದು ಹೇಳಿದೆ. ಈಗ ಪುಸ್ತಕ ಬರೆಯುವವಳು ಅವಳು: ತಾರೀಖು, ಬದಿ, ಮಿಲಿ, ಎಷ್ಟು ಹೊತ್ತು ನಿಂತಿತು, ವಯಲ್ ಬಂದು ಎಷ್ಟು ವಾರ. ಮೂರು ದಪ್ಪ ಪುಸ್ತಕ ತುಂಬಿವೆ. ಹೋದ ಸಲ ಶಿವಮೊಗ್ಗದ ವೈದ್ಯರು ಅದನ್ನು ತಿರುವಿಹಾಕಿ, ತಮ್ಮ ಬಳಿ ಬರುವ ಬೇರೆಯವರಿಗೆ ತೋರಿಸಲು ಒಂದು ಪುಟದ ಪ್ರತಿ ಕೇಳಿದರು. ಹೆಸರು ಮರೆಮಾಡಿ ಕೊಟ್ಟೆ.

ಖರ್ಚು ಹೇಳಬೇಕೆಂದರೆ, ಈಗ ಸಿರಿಂಜು, ಹತ್ತಿ, ಐಸ್, ಸಾಗಣೆ ಎಲ್ಲ ಸೇರಿ ಒಂದು ಸಲಕ್ಕೆ ಇನ್ನೂರೈವತ್ತರಿಂದ ಮುನ್ನೂರು. ಇಂಪ್ಲಾಂಟಿಗೆ ಆಗ ಹೇಳಿದ ಹಣವನ್ನು ನಾನು ಇಷ್ಟು ವರ್ಷದಲ್ಲೂ ಮುಟ್ಟಿಲ್ಲ. ಕೆಟ್ಟುಹೋದ ವಯಲ್‌ಗಳನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ.

ಈ ವರ್ಷ ಹೊಸದೊಂದನ್ನು ನೋಡುತ್ತಿದ್ದೇನೆ. ವಯಲನ್ನು ಫ್ರಿಜ್ಜಿನಲ್ಲಿಡುವ ಬದಲು, ವೈದ್ಯರ ಕಡೆಯವರೇ ಒಂದೊಂದು ಸಲದ ಅಳತೆಯನ್ನು ಸಿರಿಂಜಿಗೆ ತುಂಬಿ ಕೊಡುತ್ತಾರೆ, ಅವು ಫ್ರೀಜರಿನಲ್ಲಿ ಹೆಪ್ಪುಗಟ್ಟಿರುತ್ತವೆ. ಬೇಕಾದದ್ದೊಂದನ್ನು ತೆಗೆದು ಕರಗಿಸಿ, ಬೆಳಕಿಗೆ ಹಿಡಿದು ಗುಳ್ಳೆ ಹೊರಹಾಕಿ ಬಳಸುವುದು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಚಳಿಗಾಲದಲ್ಲಿ ತೆಗೆದವೆಲ್ಲ ತಾಜಾ ವಯಲಿನಷ್ಟೇ ಚೆನ್ನಾಗಿ ನಡೆದವು. ಕರೆಂಟು ಹೋದಾಗ ಇವು ಎಷ್ಟು ಹೊತ್ತು ಗಟ್ಟಿಯಾಗಿ ಉಳಿಯುತ್ತವೆ ಎಂಬುದು ಜುಲೈಯಲ್ಲಿ ತಿಳಿಯುತ್ತದೆ. ಅದಕ್ಕಾಗಿ ಪುಸ್ತಕದಲ್ಲಿ ಬೇರೆ ಕಾಲಂ ಎಳೆದಾಗಿದೆ.