ಮೋಟರ್ ಇಲ್ಲದ ಡಾಬ್‌ಗೆ ಸಿಕ್ಕ ಯುರೇನಸ್

"ಟ್ರ್ಯಾಕಿಂಗ್ ಇಲ್ಲದ ಎಂಟಿಂಚಿನ ಡಾಬ್‌ನಾಗ ಯುರೇನಸ್ ಬರೀ ಚುಕ್ಕಿ ಬರ್ತದ, ಬಿಡ್ರಿ" ಅಂದವರೇ ಹೆಚ್ಚು. ಡಾಬ್ ಅಂದರೆ ಬುಡದ ಮೇಲೆ ಕೈಯಿಂದಲೇ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕ, ಟ್ರ್ಯಾಕಿಂಗ್ ಅಂದರೆ ಮೋಟರ್ ಗ್ರಹವನ್ನು ಹಿಂಬಾಲಿಸುವುದು. 2025ರ ನವೆಂಬರ್‌ನಲ್ಲಿ ಕಲಬುರಗಿಯಿಂದ ಬಂದದ್ದು 23 ಪಿಕ್ಸೆಲ್ ಅಗಲದ, ಅಂಚಿನಲ್ಲಿ ಮಬ್ಬಾಗುವ ಹಸಿರು-ನೀಲಿ ಬಿಲ್ಲೆ. ಅದೇ ಸೆಟ್ಟಿಂಗ್‌ನಲ್ಲಿ ಹಿಡಿದ ಪಕ್ಕದ ನಕ್ಷತ್ರ ಏಳೆಂಟು ಪಿಕ್ಸೆಲ್ ದಾಟಲಿಲ್ಲ. ಚುಕ್ಕಿ ಅನ್ನುವವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ.

ಗ್ರಹ ಆಗ ಕೃತ್ತಿಕೆಯ ಕೆಳಗೆ ನಾಲ್ಕು ಡಿಗ್ರಿಯಲ್ಲಿತ್ತು. ನಮ್ಮ ಅಕ್ಷಾಂಶ 17.3, ಗ್ರಹದ ಕ್ರಾಂತಿ (ಆಕಾಶದ ಅಕ್ಷಾಂಶ) 19 ಚಿಲ್ಲರೆ. ಮಧ್ಯರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಗಾಳಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಡಾಬ್‌ಗೆ ಇದಕ್ಕಿಂತ ಕೆಟ್ಟ ಜಾಗವೂ ಇಲ್ಲ: ನೆತ್ತಿಯ ಹತ್ತಿರ ಬುಡ ಎಷ್ಟು ತಿರುಗಿಸಿದರೂ ಕೊಳವೆ ಗ್ರಹದತ್ತ ಬರುವುದಿಲ್ಲ. ಮೂರು ರಾತ್ರಿ ಹಾಗೇ ಹಾಳು. ಆಮೇಲೆ ರಾತ್ರಿ ಒಂದೂವರೆಯಿಂದ ಶುರು. ಆಗ ಎತ್ತರ 68 ಡಿಗ್ರಿ ಸುಮಾರು, ಬುಡವೂ ಮಾತು ಕೇಳುತ್ತದೆ, ಗಾಳಿ ಬಿಡಿಸುವ ಬಣ್ಣವನ್ನು ಸರಿಪಡಿಸುವ ಎಡಿಸಿ ಗಾಜಿನ ಖರ್ಚೂ ಬೇಡ.

1200 ಮಿ.ಮೀ. ನಾಭಿದೂರ, 3x ಬಾರ್ಲೋ (ಚಿತ್ರವನ್ನು ಮೂರು ಪಟ್ಟು ಹಿಗ್ಗಿಸುವ ಮಸೂರ), 2.9 ಮೈಕ್ರಾನ್ ಪಿಕ್ಸೆಲ್‌ನ ಐಎಂಎಕ್ಸ್462 ಕಲರ್ ಕ್ಯಾಮೆರಾ: ಪಿಕ್ಸೆಲ್‌ಗೆ 0.17 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಭೂಮಿ ತಿರುಗುವುದರಿಂದ ಗ್ರಹ ಸೆಕೆಂಡಿಗೆ 14 ಆರ್ಕ್‌ಸೆಕೆಂಡ್ ಓಡುತ್ತದೆ, ಅಂದರೆ 12 ಮಿಲಿಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಒಂದೇ ಪಿಕ್ಸೆಲ್ ಜಾರುತ್ತದೆ. ಇಡೀ ಗುಟ್ಟು ಇಷ್ಟೇ. ಬೆಳಕು ಸಾಲದು ಎಂದು 30ಕ್ಕೆ ಏರಿಸಿದಾಗ ಬಿಲ್ಲೆ ಮೊಟ್ಟೆಯಾಯಿತು. ಗೇನ್ (ಕ್ಯಾಮೆರಾ ಸಂಕೇತದ ವರ್ಧನೆ) ಏರಿಸಿ, ಗದ್ದಲ (ಚಿತ್ರದ ಕಾಳುಕಾಳು) ಸಹಿಸಿ, ಫ್ರೇಮುಗಳಲ್ಲಿ ತೀರಿಸಿಕೊಳ್ಳಬೇಕು. ಪೂರ್ತಿ ಸೆನ್ಸರ್ ದಾಟಲು 22 ಸೆಕೆಂಡ್, ಒಂದು ದಾಟಿಗೆ 1800 ಫ್ರೇಮು. ಇಪ್ಪತ್ತು ದಾಟು ಸಿಕ್ಕರೆ ಸಾಕು. ಕ್ಯಾಮೆರಾವನ್ನು ತಿರುಗಿಸಿ ಓಟವನ್ನು ಉದ್ದನೆಯ ಬದಿಗೆ ಸಮಾನಾಂತರ ಮಾಡಿ. ಚಿತ್ರ ತಾನೂ ತಿರುಗುವುದರಿಂದ ನಾಲ್ಕೈದು ದಾಟಿಗೊಮ್ಮೆ ಮತ್ತೆ ಸರಿಮಾಡಬೇಕು. ಐದು ಆರ್ಕ್‌ಮಿನಿಟಿನ ಆ ಕಿಂಡಿಯೊಳಕ್ಕೆ ಗ್ರಹವನ್ನು ಪ್ರತಿಸಲ ತಂದು ಬಿಡಲು ಫೈಂಡರ್ (ಗುರಿ ಹಿಡಿಯುವ ಚಿಕ್ಕ ದೂರದರ್ಶಕ) ಮೇಲೆ ಮಾಡಿದ ಗುರುತಿನ ಉಪಾಯ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸೆಕೆಂಡಿಗೆ 175 ಎಂಬಿ ಬರೆಯಬೇಕು. ಹಳೆ ಹಾರ್ಡ್‌ಡಿಸ್ಕ್ ಅರ್ಧ ಫ್ರೇಮು ನುಂಗಿತು, ಎಸ್‌ಎಸ್‌ಡಿಗೆ ಐದು ಸಾವಿರ ರೂಪಾಯಿ ಹೋಯಿತು. ಕ್ಯಾಮೆರಾಕ್ಕೆ ಮೂವತ್ತು ಸಾವಿರದ ಆಸುಪಾಸು, ಒಳ್ಳೆಯ ಬಾರ್ಲೋಗೆ ಏಳು ಸಾವಿರ ಬಿತ್ತು. ದಂಡವಾದದ್ದು: ಒಂದೂವರೆ ಸಾವಿರದ ಪ್ಲಾಸ್ಟಿಕ್ ಬಾರ್ಲೋ, ಮತ್ತು ಡಾಬ್ ಅನ್ನು ಆಕಾಶದ ಜೊತೆ ತಿರುಗಿಸಬೇಕಿದ್ದ ಪ್ಲೈವುಡ್ಡಿನ ಈಕ್ವಟೋರಿಯಲ್ ಪ್ಲಾಟ್‌ಫಾರ್ಮ್‌ಗೆ ಹೋದ ಎಂಟೊಂಬತ್ತು ಸಾವಿರ. 40 ಡಿಗ್ರಿ ಅಕ್ಷಾಂಶದವರ ನಕ್ಷೆ ನಮಗೆ ಒಗ್ಗುವುದಿಲ್ಲ. 17ಕ್ಕೆ ಧ್ರುವಾಕ್ಷ ಹೆಚ್ಚುಕಡಿಮೆ ನೆಲಕ್ಕೆ ಮಲಗುತ್ತದೆ, ತೂಕ ಅಕ್ಷದ ಮೇಲೆ ಕೂರದೆ ಜಾರುತ್ತದೆ.

ಮಾಳಿಗೆ ಬೇಡ. ಶಹಾಬಾದ್ ಫರ್ಸಿ ಹಗಲಿನ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುತ್ತದೆ, ಗೋಣಿಚೀಲ ಹಾಸಿ ನೀರು ಚಿಮುಕಿಸಿದರೂ ಬಿಲ್ಲೆ ಕುದಿಯುತ್ತಲೇ ಇತ್ತು. ಹಿತ್ತಲಿನ ಎರೆಮಣ್ಣೇ ವಾಸಿ. ಆದರೆ ಹಸಿ ಇದ್ದರೆ ಬುಡದ ಕಾಲು ಇಳಿಯುತ್ತದೆ, ಅಡಿಗೆ ಮೂರು ಫರ್ಸಿ ತುಂಡು ಸಾಕು. ಕನ್ನಡಿಯ ಹಿಂದೆ ಕಂಪ್ಯೂಟರ್ ಫ್ಯಾನು ಮುಕ್ಕಾಲು ಗಂಟೆ ಓಡಿಸಿ, ದಾಟಿನ ಹೊತ್ತಿಗೆ ಆರಿಸಿ. ಮೂರು ಪಟ್ಟಿನಲ್ಲಿ ಅದರ ನಡುಕ ಕಾಣುತ್ತದೆ. ಫೋಕಸ್ ರೋಹಿಣಿಯ ಮೇಲೆ, ರಟ್ಟಿನ ಬಾಹ್ತಿನೋವ್ ಮಾಸ್ಕ್ (ಫೋಕಸ್ ಸರಿಯಾಯಿತೇ ಎಂದು ತೋರಿಸುವ ಸೀಳುಗಳ ಮುಚ್ಚಳ) ಹಾಕಿ. ನಾಬ್‌ಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ಕೂದಲೆಳೆಯಷ್ಟು ತಿರುಗಿಸಬಹುದು. ತಂಪೇರಿದಂತೆ ಫೋಕಸ್ ಓಡುತ್ತದೆ, ಇಪ್ಪತ್ತು ನಿಮಿಷಕ್ಕೊಮ್ಮೆ ನೋಡಿ.

ಫ್ರೇಮು ಸಿದ್ಧಪಡಿಸುವ ತಂತ್ರಾಂಶ ಪಿಪ್‌ನಲ್ಲಿ ಗ್ರಹವನ್ನು ಕೇಂದ್ರಕ್ಕೆ ತಂದು ಕತ್ತರಿಸುವಾಗ ಅದು ಗದ್ದಲವನ್ನೇ ಗ್ರಹವೆಂದು ಹಿಡಿಯುತ್ತದೆ. ವಸ್ತುವಿನ ಕನಿಷ್ಠ ಅಳತೆ ಏರಿಸಬೇಕು. ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸುವ ಆಟೋಸ್ಟಾಕರ್ಟ್‌ನಲ್ಲಿ ಒಂದೇ ಅಲೈನ್‌ಮೆಂಟ್ ಪಾಯಿಂಟು (ಜೋಡಿಸುವ ಗುರುತು), ಅತ್ಯುತ್ತಮ ಫ್ರೇಮುಗಳಲ್ಲಿ ಮೇಲಿನ 30 ಶೇಕಡಾ. ಯುರೇನಸ್ ಒಂದು ಸುತ್ತಿಗೆ 17 ಗಂಟೆ ತೆಗೆದುಕೊಳ್ಳುವುದರಿಂದ ಒಂದು ಗಂಟೆಯ ದಾಟುಗಳನ್ನು ಸೇರಿಸಲು ಹೆದರಬೇಕಿಲ್ಲ. ಚಿತ್ರ ಚೂಪುಮಾಡುವ ವೇವ್‌ಲೆಟ್ ಮಾತ್ರ ಹಿಡಿತದಲ್ಲಿರಲಿ. ಜಗ್ಗಿದರೆ ಅಂಚಿನ ಒಳಗೆ ಉಂಗುರ ಏಳುತ್ತದೆ, ಅದನ್ನೇ ಮೋಡದ ಪಟ್ಟಿ ಎಂದು ತೋರಿಸುವವರಿದ್ದಾರೆ.

ನಡುವೆ 850 ನ್ಯಾನೋಮೀಟರಿನ ಇನ್ಫ್ರಾರೆಡ್ ಫಿಲ್ಟರ್ ಹಾಕಿ ನೋಡಿದ್ದೂ ಆಯಿತು. ಗ್ರಹದ ಮೀಥೇನ್ ಆ ಬೆಳಕನ್ನು ಹೀರುತ್ತದೆ, ಗ್ರಹ ಪರದೆಯಿಂದ ಮಾಯ. 685ರಲ್ಲಿ ಉತ್ತರ ಧ್ರುವದ ಹೊಳಪು ಸಿಗಬೇಕು, ಆದರೆ 12 ಮಿಲಿಸೆಕೆಂಡಿಗೆ ಬರೀ ಗದ್ದಲ. 14ನೇ ಕಾಂತಿಮಾನದ ಉಪಗ್ರಹಗಳಾದ ಟೈಟಾನಿಯಾ, ಒಬೆರಾನ್‌ಗೆ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್ ಬೇಕು, ಅದಕ್ಕೆ ಮೋಟರೇ ಗತಿ.