ಮಳೆಗೂ ಉಪ್ಪುಗಾಳಿಗೂ ಜಗ್ಗದ ರೇಡಿಯೊ ಆಂಟೆನಾ ಕಟ್ಟುವುದು ಹೇಗೆ?

ಉತ್ತರ ಕನ್ನಡದಲ್ಲಿ ಗುಡ್ಡ ಕುಸಿದರೆ ಮೊದಲು ರಸ್ತೆ ಹೋಗುತ್ತದೆ, ಬೆನ್ನಿಗೇ ಕರೆಂಟು, ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಟವರ್. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಎರಡೂ ಕುಸಿದದ್ದು ನಡು ಮಳೆಗಾಲದಲ್ಲಿ. ಹವ್ಯಾಸಿ ರೇಡಿಯೊ ಇದ್ದವರು ಕೈಜೋಡಿಸಬೇಕಾದದ್ದೂ ಅಂಥ ದಿನಗಳಲ್ಲೇ. ಆದರೆ ಏಪ್ರಿಲ್‌ನಲ್ಲಿ ಹುರುಪಿನಿಂದ ಕಟ್ಟಿದ ಆಂಟೆನಾ ಎಷ್ಟೋ ಕಡೆ ಜುಲೈ ಹೊತ್ತಿಗೆ ಸತ್ತಿರುತ್ತದೆ. ತಂತಿ ನೆಟ್ಟಗೇ ಇರುತ್ತದೆ, ಕಂಬವೂ ನಿಂತಿರುತ್ತದೆ. ಕೇಬಲ್ಲಿನ ಬಾಯಿಯಿಂದ ಒಳಗಿಳಿದ ನೀರು ಕೆಲಸ ಕೆಡಿಸಿರುತ್ತದೆ. ಆದ್ದರಿಂದ ಇಲ್ಲಿ ಆ ಒಂದು ಜೋಡಣೆಗೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲೇ ಒಂದು ಮಾತು: ಕೇಳುವುದು ಬೇರೆ, ಮಾತಾಡುವುದು ಬೇರೆ. ಪ್ರಸಾರ ಮಾಡಲು ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ಕೊಡುವ ಹವ್ಯಾಸಿ ಪರವಾನಗಿ ಬೇಕೇ ಬೇಕು. ಆನ್‌ಲೈನಿನಲ್ಲಿ ಪರವಾನಗಿ ಬೇಕಾದ ಅಗ್ಗದ ವಾಕಿಟಾಕಿಯನ್ನು ಅದಿಲ್ಲದೆ ತರಿಸಿ ‘ತುರ್ತಿಗೆ ಇರಲಿ’ ಎಂದು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ತುರ್ತಿನಲ್ಲಿ ಉಪಯೋಗಕ್ಕೂ ಬರುವುದಿಲ್ಲ.

ಯಾವ ಆಂಟೆನಾ?

ಶಿರಸಿಯಿಂದ ಕಾರವಾರಕ್ಕೆ ನೇರ ಗೆರೆ ಎಳೆದರೆ 80 ಕಿಲೋಮೀಟರ್ ಆಸುಪಾಸು. ನಡುವೆ ಇಡೀ ಘಟ್ಟ. ಕೈಯಲ್ಲಿ ಹಿಡಿಯುವ 145 ಮೆಗಾಹರ್ಟ್ಸ್ ಸೆಟ್ಟಿನ ಅಲೆ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ಓಡುತ್ತದೆ. ದೇವಿಮನೆ, ಅರಬೈಲಿನಂಥ ಘಟ್ಟದ ಮಗ್ಗುಲಲ್ಲಿ ನಿಂತು ಎಷ್ಟು ಕೂಗಿದರೂ ಆಚೆಗೆ ದಾಟದು. ಘಟ್ಟದ ಮೇಲಕ್ಕೂ ಕೆಳಕ್ಕೂ ಮಾತು ಹೋಗಬೇಕಾದರೆ 7 ಮೆಗಾಹರ್ಟ್ಸ್‌ನ, ಅಂದರೆ 40 ಮೀಟರ್ ಬ್ಯಾಂಡಿನ ಡೈಪೋಲ್ ಕಟ್ಟಿ, ಎಂದರೆ ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ತಂತಿ ಆಂಟೆನಾ. ಅದನ್ನೂ ತಗ್ಗಿನಲ್ಲೇ ಕಟ್ಟಿ. ಎಂಟು ಮೀಟರ್ ಎತ್ತರದಲ್ಲಿರುವ ಡೈಪೋಲ್ ಅಲೆಯನ್ನು ಹೆಚ್ಚಾಗಿ ನೆತ್ತಿಯ ಕಡೆಗೆ ಕಳಿಸುತ್ತದೆ. ಅಲೆ ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ಬಡಿದು ಸುತ್ತಲಿನ ಮುನ್ನೂರು, ನಾನೂರು ಕಿಲೋಮೀಟರಿಗೆ ಮೇಲಿನಿಂದ ಇಳಿಯುತ್ತದೆ. ಗುಡ್ಡ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ‘ಎತ್ತರ ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಮಾತು ದೂರದ ದೇಶಗಳನ್ನು ಹಿಡಿಯುವವರಿಗೆ ಸರಿ. ಜಿಲ್ಲೆಯೊಳಗಿನ ಕೆಲಸಕ್ಕೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಇದು ಹಗಲಿನ ಮಾತು. ಕತ್ತಲಾದ ಮೇಲೆ 7 ಮೆಗಾಹರ್ಟ್ಸ್‌ನಲ್ಲಿ ಹತ್ತಿರದ ಊರುಗಳು ಮಾಯವಾಗಿ ದೂರದವು ಕೇಳತೊಡಗುತ್ತವೆ. ರಾತ್ರಿಗೆ 3.5ರಿಂದ 3.7 ಮೆಗಾಹರ್ಟ್ಸ್‌ನ 80 ಮೀಟರ್ ಬ್ಯಾಂಡ್ ಬೇಕು. ಅದರ ಡೈಪೋಲ್ ಒಟ್ಟು 40 ಮೀಟರ್ ಉದ್ದ. ತೋಟವಿದ್ದವರಿಗೆ ಕಷ್ಟವಲ್ಲ, ಕಟ್ಟುವ ಕ್ರಮವೂ ಇದೇ.

‘ಎಲ್ಲ ಬ್ಯಾಂಡಿಗೂ ಒಂದೇ, ಟ್ಯೂನ್ ಮಾಡುವುದೇ ಬೇಡ’ ಎಂದು ಮಾರುವ ಆಂಟೆನಾಗಳಿಂದ ದೂರವಿರಿ. ಅಂಥ ಕೆಲವುಗಳ ಒಳಗೆ ಒಂದು ರೆಸಿಸ್ಟರ್ ಕೂತಿರುತ್ತದೆ. ಮೀಟರಿನ ಮುಳ್ಳು ಚೆನ್ನಾಗಿಯೇ ತೋರಿಸುತ್ತದೆ, ಶಕ್ತಿಯ ದೊಡ್ಡ ಪಾಲು ಆ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯಲ್ಲಿ ನಡೆಸುವ ಕೇಂದ್ರಕ್ಕೆ ಇದು ಶುದ್ಧ ನಷ್ಟ.

ಬೇಕಾದ ಸಾಮಾನು

ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ಎಳೆವೈರು 22 ಮೀಟರ್, ಆರ್‌ಜಿ-58 ಕೇಬಲ್ (ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವುದು, 50 ಓಮ್) 25 ಮೀಟರ್, 110 ಮಿ.ಮೀ. ಪಿವಿಸಿ ಪೈಪಿನ ಒಂದು ಗೇಣು ತುಂಡು, ಕೊನೆಯ ಇನ್ಸುಲೇಟರಿಗೆ 20 ಮಿ.ಮೀ. ಪೈಪಿನ ಹತ್ತು ಸೆಂಟಿಮೀಟರಿನ ಎರಡು ತುಂಡು, ಸೆಟ್ಟಿನ ಕಡೆಗೆ ಪಿಎಲ್-259 ಕನೆಕ್ಟರ್ ಒಂದು. ನಡುವಿನ ಹಲಗೆಗೆ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯಿಂದ 10×8 ಸೆಂ.ಮೀ. ತುಂಡು ಕತ್ತರಿಸಿದರೆ ಸಾಕು. ನೀರು ಹೀರುವುದಿಲ್ಲ, ಕೊರೆಯುವುದೂ ಸುಲಭ.

ಕೇಬಲ್ ಟಿವಿಯ ಆರ್‌ಜಿ-6 ಅಗ್ಗಕ್ಕೆ ಸಿಗುತ್ತದೆ, 75 ಓಮ್ ಆದರೂ 7 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ಅದರ ಹೊರಜಾಲರಿ (ಒಳತಂತಿಯ ಸುತ್ತ ಹೆಣೆದ ಎಳೆಗಳು) ಸಾಮಾನ್ಯವಾಗಿ ಅಲ್ಯೂಮಿನಿಯಂ. ಬೆಸುಗೆ ಹಿಡಿಯದು, ತಾಮ್ರಕ್ಕೆ ತಿರುಚಿ ಕಟ್ಟಿದರೆ ಉಪ್ಪುಗಾಳಿಗೆ ಬಿಳಿ ಪುಡಿಯಾಗಿ ಉದುರುತ್ತದೆ. ಕಾರವಾರ, ಕುಮಟಾ, ಹೊನ್ನಾವರದವರು ಅದರ ಆಸೆ ಬಿಡಿ.

ಹಗ್ಗಕ್ಕೆ ನೈಲಾನ್ ಬೇಡ. ನೆನೆದರೆ ಉದ್ದವಾಗಿ ಆಂಟೆನಾ ಜೋತು ಬೀಳುತ್ತದೆ. ಪಾಲಿಯೆಸ್ಟರ್ ಸಿಕ್ಕರೆ ಅದೇ ಉತ್ತಮ. ಬಂದರಿನ ಬದಿಯ ಬಲೆ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗವೂ ಆದೀತು, ಬಿಸಿಲಿಗೆ ಪುಡಿಯಾಗುವ ಮುಂಚೆ ಬದಲಿಸುತ್ತಿರಬೇಕು.

ತಂತಿ ಅಳೆದು ಕತ್ತರಿಸುವುದು

142.6 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲಿನ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ 20.08 ಮೀಟರ್, ಪ್ರತಿ ತೋಳಿಗೆ 10.04. ಕತ್ತರಿಸುವಾಗ ತೋಳಿಗೆ 10.5 ಮೀಟರ್ ಇಟ್ಟುಕೊಳ್ಳಿ, ಗಂಟಿಗೆ ಬೇಕಾದದ್ದು ಬೇರೆ.

ಕೇಬಲ್ ಜೋಡಿಸುವುದು

ಅವಸರ ಮಾಡಿದವರೆಲ್ಲ ಕೆಡಿಸುವುದು ಇಲ್ಲಿಯೇ. ನೆಲದ ಮೇಲೆ, ಒಣ ದಿನ, ಬೆಳಕಿನಲ್ಲಿ ಕುಳಿತು ಮಾಡಿ. ಏಣಿಯ ಮೇಲೆ ನಿಂತು ಬೆಸುಗೆ ಹಾಕುವ ಸಾಹಸ ಬೇಡ.

ಮೇಲ್ತುದಿಗೆ ಕನೆಕ್ಟರ್ ಹಾಕಲೇಬೇಡಿ. ಪಿಎಲ್-259 ನೀರು ತಡೆಯುವ ಕನೆಕ್ಟರ್ ಅಲ್ಲ. ಎಷ್ಟು ಟೇಪು ಸುತ್ತಿದರೂ ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ಗಾಳಿ ತೇವವನ್ನು ಎಳೆದುಕೊಳ್ಳುತ್ತದೆ. ಕೇಬಲನ್ನು ನೇರವಾಗಿ ತಂತಿಗೆ ಬೆಸೆಯಿರಿ.

ಹಲಗೆಯ ಎರಡು ಬದಿಗೆ ತಂತಿಗಾಗಿ ಎರಡೆರಡು ತೂತು, ಮೇಲೆ ಹಗ್ಗಕ್ಕೊಂದು, ಕೆಳಭಾಗದಲ್ಲಿ ಕೇಬಲ್ ತೂರುವಷ್ಟು ದೊಡ್ಡದು ಎರಡು. ತಂತಿಯನ್ನು ತೂತಿನಲ್ಲಿ ಎರಡು ಬಾರಿ ಪೋಣಿಸಿ ತನ್ನ ಮೇಲೇ ಸುತ್ತಿ ಬಿಗಿಯಿರಿ, ಹತ್ತು ಸೆಂಟಿಮೀಟರ್ ಬಾಲ ಉಳಿಸಿ. ಭಾರ ಹೊರುವುದು ಗಂಟು, ಕರೆಂಟು ಹರಿಯುವುದು ಬಾಲ. ಬೆಸುಗೆಯ ಮೇಲೆ ಒಂದು ತೊಲವೂ ಭಾರ ಬೀಳಬಾರದು. ಗಾಳಿಗೆ ಓಲಾಡುವ ತಂತಿ ಬೆಸುಗೆ ಮುಗಿದ ಅಂಚಿನಲ್ಲಿಯೇ ತುಂಡಾಗುತ್ತದೆ.

ಕೇಬಲನ್ನು ಕೆಳಗಿನ ಒಂದು ತೂತಿನಿಂದ ಮುಂದಕ್ಕೆ ತಂದು, ಮೇಲಕ್ಕೆ ಬಾಗಿಸಿ, ಮತ್ತೆ ಕೆಳಮುಖ ಮಾಡಿ ಕಪ್ಪು ಕೇಬಲ್ ಟೈಯಿಂದ ಎರಡು ಕಡೆ ಬಿಗಿಯಿರಿ. ಬಿಳಿ ಟೈ ಒಂದೇ ಬೇಸಿಗೆಗೆ ಪುಡಿಯಾಗುತ್ತದೆ. ಕೇಬಲ್ಲಿನ ಕೊಯ್ದ ಬಾಯಿ ನೆಲ ನೋಡುತ್ತಿರಬೇಕು, ಇದೇ ಮುಖ್ಯ. ಬಾಯಿ ಆಕಾಶ ನೋಡಿದರೆ ಹೊರಜಾಲರಿಯ ಸಣ್ಣ ಎಳೆಗಳ ಸಂದಿನಲ್ಲಿ ನೀರು ತಾನೇ ಹೀರಿಕೊಂಡು ಮೀಟರುಗಟ್ಟಲೆ ಇಳಿಯುತ್ತದೆ. ಒಮ್ಮೆ ಜಾಲರಿ ಕಪ್ಪಾದ ಕೇಬಲನ್ನು ಒಣಗಿಸಿ ಉಳಿಸಿಕೊಳ್ಳಲು ಆಗುವುದಿಲ್ಲ.

ಹೊರಗಿನ ಕಪ್ಪು ಸಿಪ್ಪೆಯನ್ನು 12 ಸೆಂಟಿಮೀಟರ್ ತೆಗೆಯಿರಿ. ಬ್ಲೇಡು ಜಾಲರಿಗೆ ತಾಗದಂತೆ ಅರ್ಧ ಆಳಕ್ಕೆ ಗೀರಿ, ಬಾಗಿಸಿ ಬಿರುಕು ಬಿಡಿಸಿ. ಜಾಲರಿಯನ್ನು ಕತ್ತರಿಸದೆ ಮೊಳೆಯ ಮೊನೆಯಿಂದ ಎಳೆ ಎಳೆಯಾಗಿ ಬಿಡಿಸಿ ಹೊಸೆಯಿರಿ. ಒಳತಂತಿಯ ಬಿಳಿ ಹೊದಿಕೆ ಮೂರು ಸೆಂಟಿಮೀಟರ್ ಮಾತ್ರ ತೆಗೆದರೆ ಸಾಕು. ಆ ಹೊದಿಕೆ ಬಿಸಿಗೆ ಬೇಗ ಕರಗಿ ಒಳತಂತಿ ಪಕ್ಕಕ್ಕೆ ಜಾರಿ ಜಾಲರಿಗೆ ತಾಗುತ್ತದೆ. 60 ವಾಟ್ ಕಾವಿಯನ್ನು (ಸೋಲ್ಡರಿಂಗ್ ಐರನ್) ಪೂರ್ತಿ ಕಾಯಿಸಿ, ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ. 25 ವಾಟ್ ಕಾವಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಹೊದಿಕೆ ಕರಗುವುದು ಖಚಿತ. ಒಳಗೆ ರಾಳವಿರುವ ಬೆಸುಗೆ ತಂತಿಯನ್ನೇ ಬಳಸಿ. ತಗಡಿನ ಕೆಲಸದ ಆ್ಯಸಿಡ್ ಬೇಡ, ಅದು ತಿಂಗಳೊಪ್ಪತ್ತಿನಲ್ಲಿ ತಾಮ್ರವನ್ನು ಹಸಿರು ಮಾಡುತ್ತದೆ. ಒಂದು ತೋಳಿಗೆ ಒಳತಂತಿ, ಇನ್ನೊಂದಕ್ಕೆ ಜಾಲರಿ. ಬೆಸೆದ ಮೇಲೆ ಮಲ್ಟಿಮೀಟರಿನಲ್ಲಿ ಎರಡರ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಳ್ಳಿ.

ಈಗ ಮುಚ್ಚುವುದು. ಸಿಲಿಕಾನ್ ಸೀಲಂಟಿನ ಟ್ಯೂಬ್ ಕೈಗೆತ್ತಿಕೊಳ್ಳುವ ಮುನ್ನ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಒಣಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ ಎಂದರ್ಥ, ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೊಳ್ಳಿ. ಸಿಪ್ಪೆ ಮುಗಿದು ಜಾಲರಿ ಕವಲೊಡೆಯುವ ಸಂದಿಗೆ ಅದನ್ನು ಬೆರಳಿನಿಂದ ಒತ್ತಿ ತುಂಬಿ, ಹೊಸೆದ ಜಾಲರಿಯ ಮೇಲೂ ಪೂರ್ತಿ ಸವರಿ. ಒಂದು ದಿನ ಒಣಗಲು ಬಿಡಿ. ಆಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆದು, ಅರ್ಧರ್ಧ ಮೇಲೆ ಬರುವಂತೆ ಸುತ್ತಿ. ಎಳೆಯದೆ ಸುತ್ತಿದರೆ ಅದು ಬೆಸೆದುಕೊಳ್ಳುವುದೇ ಇಲ್ಲ. ಸುತ್ತುವುದು ಕೆಳಗಿನಿಂದ ಮೇಲಕ್ಕೆ, ಮಾಡಿಗೆ ಹಂಚು ಹೊದಿಸಿದ ಹಾಗೆ. ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಜಾರಿ ಹೋಗುತ್ತದೆ. ಅದರ ಮೇಲೆ ಬಿಸಿಲು ತಡೆಯಲು ಸಾಮಾನ್ಯ ಪಿವಿಸಿ ಟೇಪು ಒಂದು ಪದರ. ಬರೀ ಪಿವಿಸಿ ಟೇಪನ್ನೇ ನಂಬಿದರೆ ಬಿಸಿಲಿಗೆ ಗೋಂದು ಕರಗಿ ಮೊದಲ ಮಳೆಗೇ ಬಿಚ್ಚಿಕೊಳ್ಳುತ್ತದೆ.

ಹಲಗೆಯಿಂದ ಇಳಿದ ಅದೇ ಕೇಬಲನ್ನು 110 ಮಿ.ಮೀ. ಪೈಪಿನ ಮೇಲೆ ಒತ್ತೊತ್ತಾಗಿ, ಒಂದೇ ಪದರದಲ್ಲಿ 15 ಸುತ್ತು ಸುತ್ತಿ. ಸುಮಾರು ಐದೂವರೆ ಮೀಟರ್ ಹಿಡಿಯುತ್ತದೆ. ಕೇಬಲ್ಲಿನ ಹೊರಮೈ ಮೇಲೆ ರೇಡಿಯೊ ಕರೆಂಟು ಸೆಟ್ಟಿಗೆ ವಾಪಸು ಬರದಂತೆ ಇದು ತಡೆಯುತ್ತದೆ. ಹಗ್ಗದ ಸಿಂಬಿಯಂತೆ ಗೊಂಚಲು ಮಾಡಿ ಕಟ್ಟಿದರೆ ಈ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಏರಿಸುವುದು

ನಡುವಿನ ತುದಿ 8 ಮೀಟರ್, ಕೊನೆಗಳು ನೆಲದಿಂದ ಎರಡೂವರೆ ಮೀಟರ್. ಆಗ ತೋಳುಗಳ ನಡುವಿನ ಕೋನ 110 ಡಿಗ್ರಿಯ ಹತ್ತಿರ ಬರುತ್ತದೆ, 90ಕ್ಕಿಂತ ಕಡಿಮೆ ಮಾಡಬೇಡಿ. ಎರಡೂ ಕೊನೆ ಸೇರಿ 17 ಮೀಟರ್ ಜಾಗ ಸಾಕು. ಪ್ರಸಾರ ಮಾಡುವಾಗ ಕೊನೆಗಳಲ್ಲಿ ವೋಲ್ಟೇಜ್ ಹೆಚ್ಚು, ಮಕ್ಕಳ ಕೈಗೂ ದನಗಳಿಗೂ ನಿಲುಕಬಾರದು. ತಗಡಿನ ಮಾಡಿನಿಂದ ಎರಡು ಮೀಟರಾದರೂ ದೂರವಿರಲಿ. ಬಿದಿರಿನ ಗಳ ಒಳ್ಳೆಯ ಕಂಬ. ಅಡಿಕೆ ಮರ ಗಾಳಿಗೆ ಬಾಗುವುದರಿಂದ ಅದಕ್ಕೆ ಕಟ್ಟುವ ಕೊನೆಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಒಂದು ಕಲ್ಲು ತೂಗುಬಿಡಿ, ತಂತಿ ಹರಿಯುವುದಿಲ್ಲ.

ಹಗ್ಗ ಏರಿಸಲು ಕೊಯ್ಲಿನ ದೋಟಿ ಹಿಡಿಯುವವರಿದ್ದಾರೆ. ಅಲ್ಯೂಮಿನಿಯಂ ದೋಟಿಯ ಅಪಾಯ ತೋಟದವರಿಗೆಲ್ಲ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ತೋಟದ ಮೇಲೆ ಹೆಸ್ಕಾಂನ 11 ಕೆ.ವಿ. ಲೈನು ಹಾದಿದ್ದರೆ ಆ ಬದಿಯಲ್ಲಿ ಆಂಟೆನಾ ಕಟ್ಟುವ ಯೋಚನೆಯನ್ನೇ ಬಿಡಿ. ಕಂಬವೋ ತಂತಿಯೋ ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ತಾಗದಷ್ಟು ದೂರ ಬೇಕು.

ಕೇಬಲ್ ಮನೆಯೊಳಗೆ ಹೋಗುವ ಮುನ್ನ ಒಂದು ಅಡಿ ಕೆಳಗೆ ಜೋತಾಡಿ ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಸಿಡಿಲು ಹೆಚ್ಚು. ಬಳಸದಾಗ ಕೇಬಲನ್ನು ಸೆಟ್ಟಿನಿಂದ ಕಳಚಿ ಕಿಟಕಿಯಾಚೆ ಇಡಿ.

ಹೊಂದಿಸುವುದು

ಪೂರ್ತಿ ಎತ್ತರಕ್ಕೆ ಏರಿಸಿದ ಮೇಲೆಯೇ ಅಳೆಯಿರಿ, ನೆಲದ ಹತ್ತಿರದ ಅಳತೆ ಬೇರೆಯೇ ಇರುತ್ತದೆ. ನ್ಯಾನೊವಿಎನ್ಎ ಎಂಬ ಆಂಟೆನಾ ಅಳೆಯುವ ಪುಟ್ಟ ಉಪಕರಣ ಇದ್ದರೆ ಸುಲಭ. ಎಸ್‌ಡಬ್ಲ್ಯುಆರ್ (ಸೆಟ್ಟಿನ ಕಡೆಗೆ ವಾಪಸು ಬರುವ ಶಕ್ತಿಯ ಅಳತೆ, 1 ಇದ್ದರೆ ಅತಿ ಉತ್ತಮ) ಅತಿ ಕಡಿಮೆ ಇರುವ ಜಾಗ 6.85 ಮೆಗಾಹರ್ಟ್ಸ್ ಎಂದುಕೊಳ್ಳಿ. ಈಗಿನ ಉದ್ದವನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿ. 10.5 ಮೀಟರಿನ ತೋಳು 10.13 ಆಗಬೇಕು, ತೋಳಿಗೆ 37 ಸೆಂ.ಮೀ. ಕಡಿಮೆ. ಮೊದಲು ಅದರ ಅರ್ಧ ಮಾತ್ರ ತೆಗೆದು ಮತ್ತೆ ಅಳೆಯಿರಿ, ಎರಡೂ ತೋಳಿಗೆ ಸಮನಾಗಿ. ಎಸ್‌ಡಬ್ಲ್ಯುಆರ್ 1.5 ಬಂದರೆ ನಿಲ್ಲಿಸಿ. 1.1ಕ್ಕಾಗಿ ಏರಿಸಿ ಇಳಿಸಿ ಜೋಡಣೆ ಸಡಿಲ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಎಳೆವೈರು ಮೊದಲ ವಾರದಲ್ಲಿ ತುಸು ಹಿಗ್ಗುತ್ತದೆ, ಆಗ ಇನ್ನೊಮ್ಮೆ ನೋಡಿ.

ತಾಲ್ಲೂಕಿನೊಳಗಿನ ಮಾತಿಗೆ

145 ಮೆಗಾಹರ್ಟ್ಸ್‌ಗೆ ನೆಟ್ಟಗೆ ನಿಂತ 49 ಸೆಂ.ಮೀ. ತಂತಿ, ಅದರ ಬುಡದಿಂದ 45 ಡಿಗ್ರಿ ಕೆಳಕ್ಕೆ ಬಾಗಿದ 52 ಸೆಂ.ಮೀ.ನ ನಾಲ್ಕು ಕಾಲು. ಪಿಎಲ್-259 ಕೂರುವ ಎಸ್ಒ-239 ಸಾಕೆಟ್ಟಿನ ಮೇಲೆಯೇ ಕಟ್ಟಬಹುದು. ಇದನ್ನು ಎಷ್ಟು ಎತ್ತರಕ್ಕಾದರೂ ಏರಿಸಿ, ಆದರೆ ಕೇಬಲ್ ಬೇರೆ ಬೇಕು. ಈ ಬ್ಯಾಂಡಿನಲ್ಲಿ 20 ಮೀಟರ್ ಆರ್‌ಜಿ-58 ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ತಾನೇ ನುಂಗುತ್ತದೆ, ಆರ್‌ಜಿ-213 ಎಂಬ ದಪ್ಪ ಕೇಬಲ್ ಸುಮಾರು ಮೂರರಲ್ಲೊಂದು ಪಾಲು.

ಮೇ ಕೊನೆಯಲ್ಲಿ ಒಂದು ಪರೀಕ್ಷೆ

ನೀರು ಕುಡಿದ ಕೇಬಲ್ ಎಸ್‌ಡಬ್ಲ್ಯುಆರ್ ಮೀಟರಿಗೆ ಮೋಸ ಮಾಡುತ್ತದೆ. ಶಕ್ತಿ ಹೋಗಿ ವಾಪಸು ಬರುವಷ್ಟರಲ್ಲಿ ಕೇಬಲ್ಲಿನಲ್ಲೇ ಕರಗಿ, ಮೀಟರು ಮೊದಲಿಗಿಂತ ಒಳ್ಳೆಯ ಅಂಕಿ ತೋರಿಸುತ್ತದೆ. ಕಾರಣವಿಲ್ಲದೆ ಎಸ್‌ಡಬ್ಲ್ಯುಆರ್ ಸುಧಾರಿಸಿ, ಕೇಳುವ ದನಿಗಳೆಲ್ಲ ಕುಗ್ಗಿದ್ದರೆ ಅನುಮಾನಪಡಿ. ಆಂಟೆನಾ ಇಳಿಸಿ, ಮೇಲ್ತುದಿಯ ಬೆಸುಗೆ ಬಿಚ್ಚಿ, ಒಳತಂತಿ ಜಾಲರಿಗೆ ತಾಗದಂತೆ ಬಿಟ್ಟು, ಕೆಳಗಿನಿಂದ ನ್ಯಾನೊವಿಎನ್ಎಯಲ್ಲಿ 7.1ಕ್ಕೆ ಅಳೆಯಿರಿ. ಸೆಟ್ಟಿನಿಂದ ಪ್ರಸಾರ ಮಾಡಿ ನೋಡಬೇಡಿ, ಕೆಡುತ್ತದೆ. 25 ಮೀಟರಿನ ಹೊಸ ಆರ್‌ಜಿ-58 ಎಂಟರಿಂದ ಹತ್ತರವರೆಗೆ ಎಸ್‌ಡಬ್ಲ್ಯುಆರ್ ತೋರಿಸುತ್ತದೆ. ಮೂರು ತೋರಿಸಿದರೆ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಹೋಗುತ್ತಿದೆ. ಆಗ ಮೇಲಿನ ತುದಿಯಿಂದ ಒಂದೊಂದೇ ಮೀಟರ್ ಕತ್ತರಿಸುತ್ತ ಜಾಲರಿ ಹೊಳೆಯುವ ತಾಮ್ರ ಕಾಣುವವರೆಗೆ ಹೋಗಿ. ಐದು ಮೀಟರ್ ಕಳೆದರೂ ಕಪ್ಪೇ ಇದ್ದರೆ ಇಡೀ ಕೇಬಲ್ ಬದಲಿಸಿ, ಜೂನ್ ಮೊದಲ ವಾರದೊಳಗೆ ಮತ್ತೆ ಏರಿಸಿ.